ಶತ್ರುಪಾಳೆಯದಲ್ಲಿ ಬೆನೆಡಿಕ್ಟಾ

ಗಂಡ ಕುಡಿದರೆ ಊರಿನವರು ಹೆಂಡತಿಯನ್ನು ನೋಡಿ ‘ಅಯ್ಯೋ ಪಾಪ’ ಎನ್ನುತ್ತಾರೆ. ಹೆಂಡತಿ ಓದಿದರೆ ಗಂಡನನ್ನು ನೋಡಿ ‘ಅಯ್ಯೋ ಪಾಪ’ ಎನ್ನುತ್ತಾರೆ. ಮಂಗಲ್ಪಾಡಿಯ ಬೆನೆಡಿಕ್ಟಾಗೆ ಈ ಲೋಕನ್ಯಾಯ ಅರ್ಥವಾದದ್ದು, ಇಟ್ಟಿಗೆಯಷ್ಟು ದಪ್ಪದ ಆ ಕಾದಂಬರಿ ಗ್ರಂಥಾಲಯದಿಂದ ಮನೆಗೆ ಬಂದ ಮೇಲೆ.

ಕಾದಂಬರಿಯ ನಾಯಕ ರಣಕೇತು ಮಹಾಶೂರ, ಎರಡು ತಲೆಯ ಹದ್ದಿನ ಮೇಲೆ ಕೂತು ಯುದ್ಧ ಮಾಡುವವನು. ಮಾಡದ ತಪ್ಪಿಗೆ ರಾಜ ಅವನನ್ನು ಗಡೀಪಾರು ಮಾಡುತ್ತಾನೆ. ನಿನ್ನೆಯವರೆಗೆ ಯಾರ ತಲೆ ಕಡಿಯುತ್ತಿದ್ದನೋ ಅದೇ ಶತ್ರುಗಳ ಸೇನೆಗೆ ಅವನು ಸೇರುತ್ತಾನೆ. ಕೊನೆಗೆ ಅವನ ಗತಿ ಏನಾಯಿತು? ಬೆನೆಡಿಕ್ಟಾಗೆ ಅದೊಂದು ಗೊತ್ತಾಗಬೇಕಿತ್ತು. ಅದಕ್ಕಾಗಿ ಮೀನು ಸೀದರೂ ಸರಿ, ಹಾಲು ಉಕ್ಕಿದರೂ ಸರಿ. (ಎರಡೂ ಆಗಿದ್ದವು.)

ಗಂಡ ಕ್ಲೆಟಸ್ ಇದನ್ನೆಲ್ಲ ಸಹಿಸಿಕೊಂಡ. ಆದರೆ ಅವನು ಬರೀ ಗಂಡನಲ್ಲ, ಸಂತ ಅಂತೋನಿ ವಾಡೊದ ಗುರ್ಕಾರ. ಇಗರ್ಜಿಗೆ ಸೇರಿದ ಮನೆಗಳನ್ನು ವಾಡೊಗಳಾಗಿ ಹಂಚಿ, ಪ್ರತಿಯೊಂದಕ್ಕೂ ಒಬ್ಬ ಗುರ್ಕಾರನನ್ನು ಮುಖಂಡನಾಗಿ ನಿಲ್ಲಿಸುವುದು ಅಲ್ಲಿನ ಪದ್ಧತಿ. ಇಗರ್ಜಿಯ ಹಬ್ಬಕ್ಕೆ ಈ ವಾಡೊಕ್ಕೂ ರೈಲು ಹಳಿಯಾಚೆಯ ಲಾರೆನ್ಸ್ ವಾಡೊಕ್ಕೂ ಮಹಿಳೆಯರ ಹಗ್ಗಜಗ್ಗಾಟ. ಸೋತ ವಾಡೊದ ಗುರ್ಕಾರ ಗೆದ್ದವರನ್ನು ಮನೆಗೆ ಕರೆದು ಬಫಾತ್ ಎಂಬ ಹಂದಿಮಾಂಸದ ಖಾರದ ಪದಾರ್ಥದ ಊಟ ಹಾಕಬೇಕು. ಕ್ಲೆಟಸ್ ಈವರೆಗೆ ಒಮ್ಮೆಯೂ ಹಾಕಿರಲಿಲ್ಲ. ಏಕೆಂದರೆ ಹಗ್ಗದ ತುದಿಯನ್ನು ಸೊಂಟಕ್ಕೆ ಸುತ್ತಿಕೊಂಡು ಕೊನೆಯಲ್ಲಿ ನಿಲ್ಲುತ್ತಿದ್ದವಳು ಬೆನೆಡಿಕ್ಟಾ. (ತೂಕ ಕೇಳಬೇಡಿ, ಗಂಡನಿಗೇ ಹೇಳಿಲ್ಲ.)

ಈ ಸಲದ ಅಭ್ಯಾಸಕ್ಕೆ ಅವಳು ಹೋದದ್ದು ಸೊಂಟಕ್ಕೆ ಹಗ್ಗ, ಕೈಗೆ ಕಾದಂಬರಿ ಎಂಬ ವೀರವೇಷದಲ್ಲಿ. ಎಲ್ಲವೂ ಸರಿಯಾಗಿಯೇ ನಡೆದಿತ್ತು. ಅಷ್ಟರಲ್ಲಿ ರಣಕೇತುವಿನ ಹದ್ದಿಗೆ ವಿಷದ ಬಾಣ ತಗಲಿತು. ‘ಜೆಜು!’ ಎಂದು ಬೆನೆಡಿಕ್ಟಾ ಎರಡೂ ಕೈ ಎದೆಗಿಟ್ಟು ನೆಟ್ಟಗೆ ನಿಂತಳು. ಮುಂದಿದ್ದ ಹೆಂಗಸರೆಲ್ಲ ಒಬ್ಬರ ಮೇಲೊಬ್ಬರು ಮಗುಚಿ ಬಿದ್ದರು.

“ಎಂತ ಮಾರಾಯ್ತಿ ಇದು? ಹಗ್ಗ ಎಳೆಯುದಾ, ಪುಟ ತಿರುಗಿಸುದಾ?” ಕ್ಲೆಟಸ್ ಕಿರುಚಿದ.

“ಎರಡೂ ಮಾಡ್ತಾ ಇದ್ದೇನಲ್ಲ. ನಿಮಗೆಂತ ತೊಂದರೆ?”

“ಒಂದೋ ಹಗ್ಗ, ಇಲ್ಲದಿದ್ರೆ ಪುಸ್ತಕ. ಈಗಲೇ ಹೇಳು.”

“ಪುಸ್ತಕ.”

“ಹಾಗಾದ್ರೆ ನೀನು ಟೀಮಿನಿಂದ ಔಟ್!”

“ರಣಕೇತುವಿಗೂ ಅವನ ರಾಜ ಹೀಗೇ ಹೇಳಿದ್ದು. ಆಮೇಲೆ ಎಂತ ಆಯ್ತು ಅಂತ ನಿಮಗೆ ಗೊತ್ತಿಲ್ಲ,” ಎಂದಳು ಬೆನೆಡಿಕ್ಟಾ. (ಪೂರ್ತಿ ಅವಳಿಗೂ ಗೊತ್ತಿರಲಿಲ್ಲ.)

ಅಂದೇ ಸಂಜೆ ಅವಳು ರೈಲು ಹಳಿ ದಾಟಿದಳು. ಲಾರೆನ್ಸ್ ವಾಡೊದ ತಂಡದ ನಾಯಕಿ ಡೈಸಿ, ಶಾಲೆಯಲ್ಲಿ ಡ್ರಿಲ್ ಕಲಿಸಿ ನಿವೃತ್ತಳಾದರೂ ಸೀಟಿಯನ್ನು ಕೊರಳಿನಿಂದ ಇಳಿಸದವಳು.

“ಎಂತ ಬೆನ್ನಿಬಾಯಿ, ದಾರಿ ತಪ್ಪಿತಾ?”

“ಇಲ್ಲ, ಈಗ ಸರಿಯಾಯ್ತು. ನಿಮ್ಮ ಹಗ್ಗದ ಕೊನೆಗೆ ಜನ ಉಂಟಾ?”

ಯಾವ ವಾಡೊದವಳು ಯಾವ ವಾಡೊಕ್ಕೆ ಎಳೆಯಬೇಕು ಎಂಬ ನಿಯಮವನ್ನು ಯಾರೂ ಮಾಡಿರಲಿಲ್ಲ. ಅಂಥ ದ್ರೋಹ ಅದುವರೆಗೆ ಯಾರ ತಲೆಗೂ ಹೊಳೆದಿರಲಿಲ್ಲ. ಡೈಸಿ ಅವಳನ್ನು ಬಾಚಿ ತಬ್ಬಿಕೊಂಡಳು.

ಆದರೆ ಶತ್ರುಸೇವೆ ಎಂದರೆ ಹುಡುಗಾಟವಲ್ಲ. ಬೆಳಿಗ್ಗೆ ಪೂಜೆ ಮುಗಿದ ಕೂಡಲೇ ಸೀಟಿ, ಸಂಜೆ ಚಹಾಕ್ಕೆ ಮೊದಲು ಸೀಟಿ. ಮನೆಗೆ ಬಂದು ಪುಸ್ತಕ ಬಿಡಿಸಿದರೆ ಎರಡು ಸಾಲಿಗೇ ಗೊರಕೆ. ಓದುವ ಹಕ್ಕಿಗಾಗಿ ದೇಶ ಬಿಟ್ಟವಳಿಗೆ ಓದಲು ಪುರುಸೊತ್ತೇ ಇಲ್ಲ! ಆದರೂ ಅವಳು ಸೋಲೊಪ್ಪಲಿಲ್ಲ. ಹಬ್ಬ ಒಂದು ಮುಗಿಯಲಿ, ಬಫಾತ್ ತಿಂದು, ಚಾಪೆ ಹಾಸಿ, ಕೊನೆಯ ಪುಟದವರೆಗೆ ಓದಿಯೇ ಏಳುವುದು ಎಂದು ಶಪಥ ಮಾಡಿದಳು.

ಹಬ್ಬದ ದಿನ ಗಂಡ ಈ ಕಡೆಯಿಂದ ‘ಎಳೀರಿ!’ ಎಂದು ಕೂಗುತ್ತಿದ್ದಂತೆ ಹೆಂಡತಿ ಆ ಕಡೆಯಿಂದ ಎಳೆದಳು. ಅಂತೋನಿ ವಾಡೊ ಬುಡಸಮೇತ ಬಂತು.

“ಬಫಾತ್ ಯಾರು ಮಾಡುದು?” ಮನೆಯಲ್ಲಿ ಕ್ಲೆಟಸ್ ಮೆಲ್ಲಗೆ ಕೇಳಿದ.

“ಸೋತವರು.”

“ಮನೆ ಒಂದೇ ಅಲ್ವಾ ಬೆನ್ನಿ?”

“ಮನೆ ಒಂದೇ. ವಾಡೊ ಬೇರೆ.”

ಮರುದಿನ ಮಧ್ಯಾಹ್ನ ಲಾರೆನ್ಸ್ ವಾಡೊದ ವೀರಾಂಗನೆಯರು ಗುರ್ಕಾರನ ಚಾವಡಿಯಲ್ಲಿ ಸಾಲಾಗಿ ಕೂತರು. ಬೆನೆಡಿಕ್ಟಾ ಹೊಸ ಸೀರೆಯುಟ್ಟು, ತನ್ನ ಮನೆಯಲ್ಲಿಯೇ ಅತಿಥಿಯಾಗಿ, ಅವರ ನಡುವೆ ಕೂತಳು. ಮದುವೆಯಾದ ಮೇಲೆ ಅಷ್ಟು ಸುಖ ಅವಳು ಕಂಡಿರಲಿಲ್ಲ. ಇಡ್ಲಿಯಂಥ ಮೆತ್ತಗಿನ ಸಾನ್ನಾಂ ಬಂದವು. ಬಫಾತ್ ಬರಲಿಲ್ಲ. ಬದಲಿಗೆ ಹೊಗೆ ಬಂತು.

ಅವಳು ಅಡುಗೆಮನೆಗೆ ಓಡಿದಳು. ಪಾತ್ರೆಯಲ್ಲಿ ಹಂದಿ ಕರ್ರಗೆ ಇದ್ದಿಲಾಗಿತ್ತು. ಕ್ಲೆಟಸ್ ಅರೆಯುವ ಕಲ್ಲಿನ ಮೇಲೆ ಕೂತು, ಮೂಗು ಸೋರಿಸುತ್ತಾ, ಕಾದಂಬರಿಯ ಕಡೆಯ ಪುಟದಲ್ಲಿದ್ದ.

“ಇದೆಂತ ನೀವು ಮಾಡಿದ್ದು!”

“ಬೇಯುವವರೆಗೆ ಒಂದು ಪುಟ ನೋಡುವ ಅಂತ ತೆಗೆದದ್ದು. ಬಿಡ್ಲಿಕ್ಕೇ ಆಗ್ಲಿಲ್ಲ ಮಾರಾಯ್ತಿ! ರಣಕೇತು ಕೊನೆಗೆ ಎಂತ ಮಾಡ್ತಾನೆ ಗೊತ್ತುಂಟಾ?”

“ಹೇಳಿದ್ರೆ ಈ ಸೌಟು ನಿಮ್ಮ ತಲೆಯ ಮೇಲೆ!”

ಕ್ಲೆಟಸ್ ಬಾಯಿ ಮುಚ್ಚಿಕೊಂಡ. ಹೊರಗೆ ಹಸಿದ ಸೇನೆ ಬಟ್ಟಲು ಬಡಿಯತೊಡಗಿತ್ತು. ವಾಡೊ ಯಾವುದಾದರೂ ಮರ್ಯಾದೆ ಹೋಗುವುದು ಈ ಮನೆಯದೇ ತಾನೇ! ವಿಜಯಶಾಲಿನಿ ಹೊಸ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಈರುಳ್ಳಿ ಕೊಚ್ಚಿ, ಮೊಟ್ಟೆ ಬೇಯಿಸಿ, ಬೆವರು ಸುರಿಸಿ ಪದಾರ್ಥ ಮಾಡಿದಳು. ಆದರೂ ಅವಳ ತಲೆ ತಗ್ಗಲಿಲ್ಲ. ಊಟ ಹೋದರೆ ಹೋಗಲಿ, ಸುಖ ಹೋದರೆ ಹೋಗಲಿ, ಕಥೆಯ ಕೊನೆಯಂತೂ ತನಗಾಗಿ ಕಾದಿದೆ.

ಸೌಟು ಹಿಡಿದು ಅವಳು ಬಡಿಸಲು ಬಂದಾಗ, ಕ್ಲೆಟಸ್ ಕಣ್ಣೊರೆಸಿಕೊಳ್ಳುತ್ತಾ ಪುಸ್ತಕದೊಂದಿಗೆ ಹಿಂದೆಯೇ ಬಂದ. ಡೈಸಿ ಪುಸ್ತಕದ ಹೊದಿಕೆಯನ್ನು ನೋಡಿ ಮುಖ ಅರಳಿಸಿದಳು.

“ಓ, ಇದಾ! ನಾನು ಹೋದ ವರ್ಷವೇ ಓದಿದ್ದೇನೆ. ಅಷ್ಟೆಲ್ಲ ಹಾರಾಡಿ ಕೊನೆಗೆ ಅವ ವಾಪಸು ಆ ರಾಜನ ಕಾಲಡಿಗೇ ಹೋಗಿ ಸಾಯ್ತಾನಲ್ಲ, ಪಾಪ! ಸ್ವಲ್ಪ ಗಸಿ ಹಾಕು ಬೆನ್ನಿಬಾಯಿ.”

ಕ್ಲೆಟಸ್ ತಾನಲ್ಲ, ತಾನಲ್ಲ ಎಂದು ಎರಡೂ ಕೈ ಆಡಿಸಿದ. ಬೆನೆಡಿಕ್ಟಾ ಡೈಸಿಯ ಬಟ್ಟಲಿನ ಮೇಲೆ ಹಿಡಿದಿದ್ದ ಸೌಟನ್ನು ಹಾಗೆಯೇ ಎತ್ತಿ ಪಕ್ಕದವಳ ಬಟ್ಟಲಿಗೆ ಸುರಿದಳು.