ಶ್ಯಾಣ್ಯಾರ ಸಂಘದೊಳಗ ನಮ್ಮ ಮನಿಯವರು

ನಗೂವಂಥ ಸಂಗತಿ ನಮ್ಮ ಮನಿಗೆ ಬರೂದು ಯಾವಾಗ್ಲೂ ಅಳೂ ಹೊತ್ತಿನಾಗ. ಯಾವ ಜನ್ಮದಾಗ ಪಡಕೊಂಡು ಬಂದದ್ದೋ ಏನೋ, ಪುಣೆಗೆ ಬಂದ ಮ್ಯಾಲಂತೂ ನಾ ಒಂದು ಸರ್ತೀನೂ ಸಮಾಧಾನದಿಂದ ಪೂರಾ ಅತ್ತು ಮುಗಿಸಿಲ್ಲ. ನಡುವ ಏನರ ಒಂದು ಎಡವಟ್ಟಾಗಿ ನಗು ಬಂದುಬಿಡ್ತದ. ಅಂಥವು ಒಂದಿಷ್ಟು ಹೇಳ್ತೀನಿ. ಎಲ್ಲಾ ನಮ್ಮ ಮನಿಯವರವ. ವಿಜಾಪುರದಿಂದ ಬಂದು, ಇಲ್ಲೊಂದು ಕಾರಖಾನಿಯೊಳಗ ಅಕೌಂಟ್ಸ್ ಕೆಲಸ ಮಾಡಿದವರು ಅವರು.

೧. ಪಂಪಿನ ಪರೀಕ್ಷಾ

ತೊಂಬತ್ತೈದರ ಸುಮಾರಿಗೆ ಆಫೀಸಿನಾಗ ಇವರನ್ನ ಬದಿಗಿಟ್ಟು, ಇವರ ಕೈಕೆಳಗ ಕೆಲಸ ಕಲ್ತವನನ್ನ ಮ್ಯಾನೇಜರ್ ಮಾಡಿದ್ರು. ಇವರು ಊಟ ಬಿಟ್ರು, ಮಾತು ಬಿಟ್ರು. ಗ್ವಾಡಿ ನೋಡಿಕೋತ ಕೂಡೂದ ಒಂದು ಕೆಲಸ. ಒಂದು ರವಿವಾರ ಪೇಪರಿನಾಗ ಜಾಹೀರಾತು ನೋಡಿದ್ರು. ಭಾಳ ಬುದ್ಧಿ ಇದ್ದವರದೊಂದು ಸಂಘ ಅದ, ಪರೀಕ್ಷಾ ಪಾಸಾದವರನ್ನ ಅಷ್ಟ ತೊಗೋತಾರ ಅಂತ.

"ನನ್ನ ತಲಿ ನೆಟ್ಟಗದನೋ ಇಲ್ಲೋ ಒಮ್ಮೆ ಗೊತ್ತಾಗಿಹೋಗ್ಲಿ" ಅಂದ್ರು.

ಸದಾಶಿವ ಪೇಠದ ಒಂದು ಕೋಚಿಂಗ್ ಕ್ಲಾಸಿನ ಮಾಳಗಿ ಮ್ಯಾಲೆ ಪರೀಕ್ಷಾ. ಸುತ್ತ ಕೂತವರೆಲ್ಲಾ ಇನ್ನೂ ಮೀಸಿ ಬರದ ಕಾಲೇಜ್ ಹುಡುಗ್ರು. ಅವರ ನಡುವ ಇವರು ಟೊಪಗಿ ತಗದು ತೊಡಿ ಮ್ಯಾಲೆ ಇಟಗೊಂಡು ಬರದ್ರು, ಪಾಸಾದ್ರು. ಬಿಬವೇವಾಡಿಯ ನಮ್ಮ ಬಿಲ್ಡಿಂಗಿನ ತುಂಬ ನಾ ಪೇಢೆ ಹಂಚಿದೆ. ಮ್ಯಾಲಿನ ಮನಿಯಾಕಿ ಪೇಢೆ ಬಾಯಾಗ ಹಾಕ್ಕೊಂಡು, "ನಿಮ್ಮವರು ಅಷ್ಟು ಹುಷಾರ್ ಇದ್ರ, ನಳಕ್ಕ ನೀರು ಯಾಕ ಬರವಲ್ದು ಅಂತ ಸ್ವಲ್ಪ ನೋಡ್ಲಿಕ್ಕೆ ಹೇಳ್ರಿ" ಅಂದ್ಲು.

ಇವರಿಗೆ ಎಲ್ಲಿಲ್ಲದ ಹುರುಪು. ಪಂಪು ನೋಡಿದ್ರು, ಪೈಪು ಬಡದು ನೋಡಿದ್ರು, ಅಂಗಳದಾಗ ಸೀಮಿಸುಣ್ಣದಿಂದ ಚಿತ್ರ ತಗದು ಒತ್ತಡ ಅಂದ್ರೇನು, ಎತ್ತರ ಅಂದ್ರೇನು ಎಲ್ಲಾ ತಿಳಿಸಿ ಹೇಳಿದ್ರು. ಮಂದಿ ಖಾಲಿ ಕೊಡ ಹಿಡಕೊಂಡು ಬಾಯಿ ತಕ್ಕೊಂಡು ಕೇಳಿತು.

ಕಡೀಕೆ ಒಬ್ಬಾಕಿ, "ಅದೆಲ್ಲಾ ಖರೆ, ಈಗ ನೀರು ಯಾಕ ಬರವಲ್ದು?" ಅಂದ್ಲು.

"ಟ್ಯಾಂಕಿನೊಳಗ ನೀರಿಲ್ಲ" ಅಂದ್ರು ಇವರು.

೨. ಕುರ್ಚಿ

ಸಂಘದ ಸಭಾ ತಿಂಗಳಿಗೊಂದು ರವಿವಾರ, ಸದಾಶಿವ ಪೇಠದಾಗ ಅಧ್ಯಕ್ಷರ ಮನಿಯೊಳಗ. ಅಧ್ಯಕ್ಷರು ರಿಟೈರ್ ಆದ ಪ್ರೊಫೆಸರ್. ಮನಿ ಮಂದೀನೂ ಬರಬಹುದು, ಗ್ವಾಡಿ ಕಡೆ ಒಂದು ಸಾಲಿನಾಗ ಕೂಡಬೇಕು. ಮಾತೆಲ್ಲಾ ಮರಾಠಿಯೊಳಗ, ನಾ ಕನ್ನಡದಾಗ ಹೇಳಲಿಕತ್ತೀನಿ ಅಷ್ಟ.

ಮೊದಲನೇ ಸಭಾಕ್ಕ ಹೋದಾಗ ಯಾರೂ ಕೂತಿರಲಿಲ್ಲ. ಕುರ್ಚಿ ಹೆಂಗ ಹಾಕಬೇಕು ಅಂತ ಚರ್ಚಾ ನಡದಿತ್ತು. ಸಾಲಾಗಿ ಹಾಕಿದ್ರ ಹಿಂದಿನವರಿಗೆ ಅವಮಾನ ಅಂದ್ರು ಒಬ್ಬರು. ದುಂಡಗ ಹಾಕಿದ್ರ ಅರ್ಧ ಮಂದಿಗೆ ಫ್ಯಾನಿನ ಗಾಳಿ ತಾಗೂದಿಲ್ಲ ಅಂದ್ರು ಇನ್ನೊಬ್ಬರು. ಎಲ್ಲಾರೂ ಶ್ಯಾಣ್ಯಾರ ಆದಮ್ಯಾಲೆ ಒಬ್ಬರ ಮಾತು ಇನ್ನೊಬ್ಬರು ಯಾಕ ಒಪ್ತಾರ? ನಮ್ಮವರೂ ನಡುವ ಹೊಕ್ಕು ಏನೋ ಹೇಳಿದ್ರು. ಅವರು ಹೇಳಿದ್ದನ್ನ ಅಷ್ಟೂ ಮಂದಿ ಸುಮ್ಮನಿದ್ದು ಕೇಳಿದ್ರು. ಆಫೀಸಿನಾಗ ಹಂಗ ಯಾರೂ ಕೇಳತಿರಲಿಲ್ಲ. ಅವರ ಮಾರಿ ಮ್ಯಾಲೆ ಕಳೆ ಬಂದದ್ದು ನಾ ಅವತ್ತ ನೋಡಿದೆ, ನನಗೂ ಕಣ್ಣು ತುಂಬಿ ಬಂತು.

ಕಡೀಕೆ ಕುರ್ಚಿ ಹೆಂಗ ಹಾಕಬೇಕು ಅನ್ನೂದು ಎಲ್ಲಾರ ಒಪ್ಪಿಗಿಲೆ ಠರಾವಾತು. ಅಷ್ಟರಾಗ ಮನಿಗೆ ಹೋಗೂ ಹೊತ್ತಾಗಿತ್ತು.

೩. ಡಾಕ್ಟರ ಪ್ರಶ್ನಾ

ರಿಟೈರ್ ಆಗಿ ಕೆಲವು ವರ್ಷಕ್ಕ ಇವರಿಗೆ ಮರವು ಶುರುವಾತು. ಮೊದಲ ಕಣ್ಣಿನ ಚಾಳೀಸು ಎಲ್ಲಿಟ್ರು ಅನ್ನೂದು, ಆಮ್ಯಾಲೆ ಮಂದಿ ಹೆಸರು. ಒಂದು ದಿನ ಕಾಯಿಪಲ್ಲೆ ತರಲಿಕ್ಕೆ ಹೋದವರು ನಮ್ಮ ಓಣಿ ತುದಿಗೆ ನಿಂತು ಅತ್ತಾಗ ಇತ್ತಾಗ ನೋಡ್ಲಿಕತ್ತಿದ್ರು. ಕೈಯಾಗ ಖಾಲಿ ಚೀಲ. ನಾ ಹೋಗಿ ಕರಕೊಂಡು ಬಂದೆ. ಮರುದಿನಾನ ದೊಡ್ಡ ಡಾಕ್ಟರ ಕಡೆ ಹೋದ್ವಿ. ಅವರೂ ನಮ್ಮ ಬಿಬವೇವಾಡಿಯವರ.

"ನೂರರಿಂದ ಏಳೇಳು ಕಳಕೋತ ಬರ್ರಿ" ಅಂದ್ರು ಡಾಕ್ಟರು. ಇವರು ಗಡಗಡ ಕಳಕೋತ ಎರಡರತನಕ ಇಳದುಬಿಟ್ರು. ಲೆಕ್ಕದಾಗ ಡಾಕ್ಟರು ತಾವ ಹಿಂದ ಉಳದ್ರು.

"ಈಗ ಯಾವ ಇಸವಿ?"

ಇವರು ನನ್ನ ಮಾರಿ ನೋಡಿದ್ರು. ನಾ ಸೆರಗು ಬಾಯಾಗ ಒತ್ತಿಕೊಂಡೆ. "ಯಾವ ಪಂಚಾಂಗದ ಪ್ರಕಾರ?" ಅಂದ್ರು ಇವರು.

"ಬಿಡ್ರಿ. ನಮ್ಮ ಮುಖ್ಯಮಂತ್ರಿ ಯಾರು ಹೇಳ್ರಿ."

"ಯಾರಿದ್ರೇನು ಡಾಕ್ಟರ, ಬಿಬವೇವಾಡಿಗೆ ನೀರಂತೂ ಬರೂದಿಲ್ಲ."

ಡಾಕ್ಟರು ಪೆನ್ನು ಕೆಳಗ ಇಟ್ರು. ಆಮ್ಯಾಲೆ ನನ್ನ ಕಡೆ ತಿರುಗಿ, "ಇದನ್ನ ತಪ್ಪು ಅಂತ ನಾ ಹೆಂಗ ಬರೀಲಿ?" ಅಂದ್ರು.

೪. ಇವತ್ತು ಯಾವ ವಾರ?

ಆದ್ರ ಡಾಕ್ಟರು ಹೊರಗ ಕರದು ನನಗ ಹೇಳಿದ್ದು ಬ್ಯಾರೆ. ಇದು ತಿರುಗಿ ಹೋಗೂ ರೋಗಲ್ಲ, ಒಂದೊಂದ ನೆನಪು ತಿಂದಕೋತ ಹೋಗ್ತದ. ಒಂದು ದಿನ ನಿಮ್ಮ ಗುರ್ತೂ ಹತ್ತಲಿಕ್ಕಿಲ್ಲ, ಮನಸು ಗಟ್ಟಿ ಮಾಡ್ಕೊಳ್ರಿ. ಅಲ್ಲೀತನಕ ಮಾತಾಡೂ ಮಂದಿ ನಡುವ ಇರ್ಲಿ, ಒಬ್ಬರನ್ನ ಕೂಡಿಸಬ್ಯಾಡ್ರಿ ಅಂದ್ರು.

ಯಾವ ಮಂದಿ? ಬಿಲ್ಡಿಂಗಿನಾಗ ಎಲ್ಲಾರೂ ಇವರನ್ನ ಕೂಸಿನಂಗ ಮಾತಾಡಸಲಿಕ್ಕೆ ಹತ್ತಿದ್ರು, "ಕಾಕಾ, ಊಟ ಆತಾ?" ಅಂತ ಕಿವಿಯಾಗ ಚೀರಿ. ನನ್ನ ಮೈದುನ ಬರೂದ ಬಿಟ್ಟ. ಇವರಿಗೆ ಇನ್ನೂ ಸರ್ ಅನ್ನೂ ಜಾಗಾ ಅಂತ ಉಳದದ್ದು ಸಂಘ ಒಂದ. ಅಲ್ಲೆ ಗೊತ್ತಾತಂದ್ರ ಅದೂ ಮುಗೀತು. ಬುದ್ಧಿವಂತರ ಸಂಘದಾಗ ಬುದ್ಧಿ ಕಳಕೊಂಡವರಿಗೆ ಏನು ಕೆಲಸ? ಅದಕ್ಕ ನಾ ಯಾರ ಮುಂದೂ ಬಾಯಿ ಬಿಡಲಿಲ್ಲ. ತಿಂಗಳಾ ರಿಕ್ಷಾದಾಗ ಕೂಡಿಸ್ಕೊಂಡು ಹೋಗಿ, ಜೀವ ಕೈಯಾಗ ಹಿಡಕೊಂಡು ಗ್ವಾಡಿಗೆ ಕೂಡತಿದ್ದೆ.

ಒಂದು ಸಭಾದಾಗ ಎಲ್ಲಾರೂ ಸುಮ್ಮನಿದ್ದಾಗ ಇವರು ಕೇಳೇಬಿಟ್ರು, "ಇವತ್ತು ಯಾವ ವಾರ?"

ಮುಗೀತು ಅಂದ್ಕೊಂಡೆ. ಯಾಕಂದ್ರ ಸಭಾ ನಡಿಯೂದ ರವಿವಾರ, ಇದು ಸಣ್ಣ ಹುಡುಗ್ರಿಗೂ ಗೊತ್ತು. ಆದ್ರ ಅಷ್ಟು ದೊಡ್ಡ ಮಂದಿ ನಡುವ ರವಿವಾರ ಅಂತ ಹೇಳೂ ದಡ್ಡ ಒಬ್ಬಾನೂ ಇರಲಿಲ್ಲ! ಪ್ರೊಫೆಸರು ಹುಬ್ಬು ಏರಿಸಿ, "ಇದರಾಗ ಏನೋ ಗುಟ್ಟದ" ಅಂದ್ರು. ಬೆಂಗಳೂರಿನ ಸಾಫ್ಟ್‌ವೇರ್ ಇಂಜಿನಿಯರ್ ಒಬ್ಬ ಇದ್ದ, ಅವನ ಮರಾಠಿನೂ ಬೆಂಗಳೂರಿನ ಧಾಟಿದು, "ಸರ್, ಭೂಮಿ ಮೇಲೆ ಎಲ್ಲಿ ಅಂತ ಹೇಳ್ಬೇಕಲ್ವಾ? ಕೆಲವು ಕಡೆ ಇನ್ನೂ ಶನಿವಾರ" ಅಂದ. ದಿವಸ ಶುರುವಾಗೂದು ಸೂರ್ಯ ಹುಟ್ಟಿದಾಗೋ ಮಧ್ಯರಾತ್ರಿಗೋ ಅಂತ ಇನ್ನಿಬ್ಬರು ಜಗಳಕ್ಕ ಬಿದ್ರು. ಚಹಾ ಆರಿ ತಣ್ಣಗಾತು.

ಕಡೀಕೆ ಪ್ರೊಫೆಸರು ಕೈ ಮುಗದು, "ಸೋತ್ವಿ ಸರ್. ಉತ್ತರ ನೀವ ಹೇಳ್ರಿ" ಅಂದ್ರು.

ಇವರಿಗೆ ಸಿಟ್ಟು ಬಂತು. "ನನಗ ಗೊತ್ತಿದ್ರ ನಿಮ್ಮನ್ನ ಯಾಕ ಕೇಳ್ತಿದ್ದೆ?"

"ವಾಹ್ವಾ!" ಅಂತ ಇಡೀ ಸಭಾ ಎದ್ದು ನಿಂತು ಚಪ್ಪಾಳೆ ಹೊಡೀತು.

೫. ಚಪ್ಪಲಿ

ಆಮ್ಯಾಲೆ ಇವರು ಏನು ಮಾಡಿದ್ರೂ ಅದಕ್ಕೊಂದು ಅರ್ಥ ಹುಡುಕೂ ಚಟಾ ಹತ್ತಿಬಿಡ್ತು ಅವರಿಗೆ. ಒಂದು ಸರ್ತಿ ಗಡಿಬಿಡಿಯಾಗ ಇವರು ಒಂದು ಕರೇದು, ಒಂದು ಕಂದು ಬಣ್ಣದ್ದು ಚಪ್ಪಲಿ ಮೆಟಗೊಂಡು ಬಂದಿದ್ರು. ನಾ ನೋಡಿದ್ದು ಅಲ್ಲೆ ಹೋಗಿ ಇಳದ ಮ್ಯಾಲೆ. ಹೊರಡೂ ಮುಂದ ಪ್ರೊಫೆಸರ ಕಣ್ಣಿಗೆ ಬಿತ್ತು.

"ಇದು ಮುದ್ದಾಂ, ಬೇಕಂತನ ಮೆಟಗೊಂಡದ್ದೇನು?" ಅಂದ್ರು.

ಇವರು ತಮ್ಮ ಕಾಲು ತಾವ ನೋಡಿಕೋತ ನಿಂತ್ರು. ಅಷ್ಟರಾಗ ಇನ್ನೊಬ್ಬರು ಚಿಟಿಕಿ ಹೊಡದು, "ತಿಳೀತು! ಗುಡಿ ಮುಂದ ಬಿಟ್ರ ಯಾರು ಕದೀತಾರ? ಜೋಡಿ ಇಲ್ಲದ ಚಪ್ಪಲಿ ಕಳ್ಳಗ ಏನು ಉಪಯೋಗ? ಏನ್ ತಲಿ ಸರ್ ನಿಮ್ಮದು!" ಅಂದ್ರು.

ಮುಂದಿನ ತಿಂಗಳ ನೋಡ್ತೀನಿ, ಅರ್ಧ ಸಂಘ ಬ್ಯಾರೆ ಬ್ಯಾರೆ ಚಪ್ಪಲಿ ಮೆಟಗೊಂಡು ಬಂದದ. ಹೊರಡೂ ಹೊತ್ತಿನಾಗ ಬಾಗಲದಾಗ ಏನು ಗದ್ದಲ ಅಂತೀರಿ! ಯಾವುದಕ್ಕ ಯಾವುದು ಜೋಡಿ ಅನ್ನೂದು ಅಷ್ಟು ಬುದ್ಧಿವಂತರಾಗ ಒಬ್ಬರಿಗೂ ತಿಳೀಲಿಲ್ಲ. ತಮ್ಮ ಚಪ್ಪಲಿ ಮೆಟಗೊಂಡು ತಮ್ಮ ಮನಿಗೆ ಹೋದವರು ನಮ್ಮವರು ಒಬ್ಬರ. ಅವತ್ತು ನಾ ತೊಡಿಸಿದ್ದೆ.

೬. ಆ ಬಾಯಿ ಯಾರು?

ಇದನ್ನ ಹೇಳಬೇಕೋ ಬ್ಯಾಡೋ ಅಂತ ಭಾಳ ದಿವಸ ವಿಚಾರ ಮಾಡೀನಿ. ಎಲ್ಲಾರೂ ಹೊಟ್ಟಿ ಹಿಡಕೊಂಡು ನಕ್ಕದ್ದು ಇದಕ್ಕ, ನಾ ಭಾಳ ಅತ್ತದ್ದೂ ಇದಕ್ಕ.

ಆ ಸಭಾದಾಗ ಇವರು ಮೊದಲಿನಿಂದ ನನ್ನ ಕಡೇನ ನೋಡ್ಲಿಕತ್ತಿದ್ರು. ಗುರ್ತು ಹಿಡಿಯೂ ಹಂಗ, ಗುರ್ತು ಸಿಗದ ಹಂಗ. ಆಮ್ಯಾಲೆ ಪ್ರೊಫೆಸರ ಕಡೆ ಬಾಗಿ, ಎಲ್ಲಾರಿಗೂ ಕೇಳೂ ಹಂಗ, "ಅಲ್ಲೆ ಗ್ವಾಡಿಗೆ ಒಬ್ಬ ಹೆಣ್ಣಮಗಳು ಕೂತಾರಲ್ಲ, ಆ ಬಾಯಿ ಯಾರು?" ಅಂದ್ರು.

ಇಂಥಾದೊಂದು ದಿನ ಬರ್ತದಂತ ಡಾಕ್ಟರು ಹೇಳಿದ್ರು. ಇಷ್ಟು ಮಂದಿ ಮುಂದ ಬರ್ತದಂತ ಹೇಳಿರಲಿಲ್ಲ.

ಪ್ರೊಫೆಸರು ಖುಷಿಲೆ ಕೈ ತಿಕ್ಕಿಕೊಂಡ್ರು. "ಸಂಬಂಧದ ಒಗಟು! ನಿಮ್ಮ ತಾಯಿಯ ಹಿರೇ ಮಗನ ಹೆಂಡತಿ!"

"ಅಷ್ಟು ಸರಳ ಇರ್ಲಿಕ್ಕಿಲ್ಲ. ನಿಮ್ಮ ಮಾವನವರ ಮೊಮ್ಮಗನ ಸೋದರತ್ತಿಗೆ ನಾದಿನಿ ಏನು?" ಅಂದ್ರು ಆವತ್ತು ಚಪ್ಪಲಿಯ ಅರ್ಥ ಹೇಳಿದ್ದವರು.

"ಸರ್, ನಿಮ್ಮ ವೈಫ್‌ನ ತಂಗಿಗೆ ಅಕ್ಕ, ಕರೆಕ್ಟಾ?" ಅಂದ ಇಂಜಿನಿಯರ್.

ಇವರು ಒಬ್ಬೊಬ್ಬರ ಮಾರಿ ನೋಡಿಕೋತ ಹೊಂಟಿದ್ರು. ಹಣಿ ಮ್ಯಾಲೆ ಬೆವರು. ಖರೇನ ತಿಳ್ಕೊಬೇಕು ಅಂತ ಕೇಳಿದ್ದು ಅವರು, ಅದು ನನಗೊಬ್ಬಾಕಿಗೆ ಗೊತ್ತು. ನನಗ ತಡಕೊಳ್ಳಲಿಕ್ಕೆ ಆಗಲಿಲ್ಲ, ಏಳಬೇಕು ಅನ್ನೂದರಾಗ ಅವರ ಎದ್ದು, ನಿಧಾನಕ್ಕ ಬಂದು ನನ್ನ ಬಾಜೂ ಖಾಲಿ ಕುರ್ಚಿ ಮ್ಯಾಲೆ ಕೂತ್ರು. ಸಣ್ಣ ದನಿಲೆ ಕನ್ನಡದಾಗ ಕೇಳಿದ್ರು.

"ಬಾಯಾರ, ಇವರು ಹೇಳೂದು ನನಗ ಒಂದೂ ತಿಳೀವಲ್ದು. ನೀವರ ಹೇಳ್ರಿ, ನೀವು ಯಾರು?"

ಲಗ್ನಾದಾಗಿನಿಂದ ಒಂದು ದಿನಾನೂ ನನಗ 'ನೀವು' ಅಂದವರಲ್ಲ. ಹೆಂಡತಿ ಅಂತ ಹೇಳಿ ಅವರು ಇಲ್ಲ ಅಂದ್ರ ಏನು ಮಾಡ್ಲಿ?

"ನಿಮ್ಮನ್ನ ಮನಿಗೆ ಕರಕೊಂಡು ಹೋಗಾಕಿ ರೀ" ಅಂದೆ.

ಅವರ ಮಾರಿ ಸಡಲಾತು. ಹಣಿ ಬೆವರು ಒರಸಿಕೊಂಡು ಎದ್ದು ನಿಂತು, ಸಭಾದ ಕಡೆ ಕೈ ಮಾಡಿ, ಆಫೀಸಿನಾಗ ಇದ್ದಾಗಿನ ಆ ಗಟ್ಟಿ ದನಿಲೆ ಅಂದ್ರು:

"ಇಷ್ಟು ಮಂದಿ ಇಷ್ಟು ಹೊತ್ತು ತಲಿ ಕೆರಕೊಂಡ್ರಿ, ಒಬ್ಬರಿಗೂ ಉತ್ತರ ಬರಲಿಲ್ಲ. ಈ ಬಾಯಾರು ಒಂದ ಮಾತಿಗೆ ಹೇಳಿದ್ರು. ಪರೀಕ್ಷಾ ಗಿರೀಕ್ಷಾ ಏನೂ ಬ್ಯಾಡ, ಮೊದಲ ಇವರನ್ನ ಸಂಘಕ್ಕ ಸೇರಿಸ್ಕೊಳ್ರಿ!"