ಚೀನೀ ಡಾಕ್ಟರಮ್ಮ, ಭಟ್ಟನ ದರ್ಭೆ ಮತ್ತು ನನ್ನ ಉರಿಮೂತ್ರ

ಅಮೆರಿಕದ ಪೂರ್ವ ಕರಾವಳಿಯಲ್ಲಿ ಮೂತ್ರದ ವಿಚಾರವನ್ನು ನನ್ನಷ್ಟು ಆಳವಾಗಿ ಬಲ್ಲ ಕನ್ನಡಿಗ ಇನ್ನೊಬ್ಬನಿಲ್ಲ. ತಲೆತಲಾಂತರದ ಚೀನೀ ವೈದ್ಯ ಮನೆತನದವರೊಬ್ಬರು ಖುದ್ದಾಗಿ ಕೈಹಿಡಿದು ಕಲಿಸಿದ ವಿದ್ಯೆ. ಹಾಗಂತ ಹೇಳಿಕೊಂಡು ತಿರುಗುತ್ತೇನೆ, ಶುದ್ಧ ಸುಳ್ಳು. ಕೈಹಿಡಿದದ್ದು ಮಾತ್ರ ನಿಜ. ಅದೂ ನಾಡಿ ನೋಡಲಿಕ್ಕೆ.

ಇಂಥವು ನನಗೇ ಯಾಕೆ ಆಗುತ್ತವೋ ಕಾಣೆ. ಬೇರೆಯವರಿಗೆ ಕಾಯಿಲೆ ಬಂದರೆ ಬರೀ ಕಾಯಿಲೆ ಬರುತ್ತೆ. ನನಗೆ ಬಂದರೆ ಹಿಂದೆಯೇ ಒಂದು ನಾಟಕ ಕಂಪನಿ ಇಳಿಯುತ್ತೆ. ಶ್ಯಾಂಟಿಲಿಯ ಈ ಇಂಡಿಯನ್ ಅಂಗಡಿಯ ಟೀ ಕೌಂಟರಿನಲ್ಲಿ ಕೂತು ಹೇಳುವಂಥ ವಿಷಯವಲ್ಲ. ಆದರೆ ನೀವು ಕೇಳಿದಿರಿ, ನನ್ನ ಕಟ್ಲೆಟ್ಟೂ ಇನ್ನೂ ಮುಗಿದಿಲ್ಲ.

೧. ಲಕ್ಷ್ಮಿಯ ಹೆಜ್ಜೆ

ಮಾಸ್ಕು ಇನ್ನೂ ಎಲ್ಲರ ಗಲ್ಲದ ಮೇಲೆ ನೇತಾಡುತ್ತಿದ್ದ ಕಾಲ. ಅಟ್ಲಾಂಟಾದಲ್ಲಿ ನಾದಿನಿಯ ಹೊಸ ಮನೆಯ ಗೃಹಪ್ರವೇಶ. ಕಾರಿನಲ್ಲಿ ನಾನು, ನನ್ನಾಕೆ, ಹಿಂದಿನ ಸೀಟಿನಲ್ಲಿ ಭಟ್ಟ. ಭಟ್ಟ ನನ್ನ ಕಾಲೇಜಿನ ಗೆಳೆಯ. ವಾರವಿಡೀ ಆಶ್‌ಬರ್ನಿನಲ್ಲಿ ಡೇಟಾ ಸೆಂಟರ್ ಕಾಯುತ್ತಾನೆ, ಶನಿವಾರ ಭಾನುವಾರ ಪೌರೋಹಿತ್ಯ. ನನ್ನ ಕೈಯಿಂದ ನೀರು ಕೂಡ ಕುಡಿಯುವುದಿಲ್ಲ. ಹಿಂದೊಮ್ಮೆ ಎಲ್ಲರೂ ಅಡುಗೆ ತರುವ ಪಾಟ್‌ಲಕ್ ಊಟದಲ್ಲಿ ದಾಳಿಂಬೆ ಪಾನಕ ಅಂತ ಬೀಟ್‌ರೂಟ್ ರಸ ಕುಡಿಸಿದ್ದೆ. ಮಾರನೇ ಬೆಳಿಗ್ಗೆ ಮೂತ್ರದಲ್ಲಿ ಕೆಂಪು ನೋಡಿದವನು ಉಟ್ಟ ಪಂಚೆಯಲ್ಲೇ ಎಮರ್ಜೆನ್ಸಿಗೆ ಓಡಿದ್ದ. ನನ್ನ ಜೀವಮಾನದ ಶ್ರೇಷ್ಠ ಕೃತಿ ಅದು.

ಆ ಪ್ರಯಾಣದಲ್ಲಿ ನನಗೆ ಉರಿ ಶುರುವಾಯಿತು. ದಾರಿಯಲ್ಲಿ ಸಿಗುವ ಎರಡೂ ಕ್ಯಾರೊಲೈನಾ ರಾಜ್ಯಗಳ ಒಂದು ರೆಸ್ಟ್ ಏರಿಯಾನೂ ಬಿಡಲಿಲ್ಲ. ಓಡಿ ಹೋದರೆ ನಾಲ್ಕು ಹನಿ, ಅದೂ ಹಸಿಮೆಣಸಿನಕಾಯಿ ಹಿಂಡಿದ ಹಾಗೆ.

"ಉಷ್ಣ ಆಗಿದೆ ರೀ," ಅಂದಳು ನನ್ನಾಕೆ. ಆಕೆಯ ಪ್ರಕಾರ ಲೋಕದಲ್ಲಿರುವುದು ಎರಡೇ ಕಾಯಿಲೆ, ಉಷ್ಣ ಮತ್ತು ಶೀತ. ಅಟ್ಲಾಂಟಾ ತಲುಪಿದ ತಕ್ಷಣ ನೆತ್ತಿಗೆ, ಹೊಕ್ಕುಳಿಗೆ, ಕಾಲಿನ ಹೆಬ್ಬೆರಳಿಗೆ ಹರಳೆಣ್ಣೆ ಮೆತ್ತಿದಳು.

ಬೆಳಿಗ್ಗೆ ನೋಡಿದರೆ ಹೊಸ ಮನೆಯ ಬಿಳಿ ಕಾರ್ಪೆಟ್ಟಿನ ತುಂಬ ಎಣ್ಣೆಯ ಹೆಜ್ಜೆಗಳು. ನಾದಿನಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. "ಲಕ್ಷ್ಮಿಯ ಹೆಜ್ಜೆ ದೇವರ ಕೋಣೆಗೆ ಹೋಗಬೇಕು ಭಾವ. ನಿಮ್ಮದು ಬಾತ್‌ರೂಮಿಗೆ ಹೋಗಿದೆ."

ವಾಪಸು ಬರುವಾಗ, ದಾರಿಯ ರೆಸ್ಟ್ ಏರಿಯಾ ಒಂದರಲ್ಲಿ ಬಣ್ಣ ನೋಡಿದೆ. ತಿಳಿ ಕೆಂಪು. ಮೈಸೂರಿನಲ್ಲಿ ನನ್ನ ಅಣ್ಣನಿಗೂ ಹೀಗೇ ಶುರುವಾಗಿತ್ತು. ಮೂತ್ರಕೋಶದ ಕ್ಯಾನ್ಸರ್ ಅಂತ ಗೊತ್ತಾಗುವಷ್ಟರಲ್ಲಿ ಹೊತ್ತು ಮೀರಿತ್ತು. ಲಾಕ್‌ಡೌನಿನಲ್ಲಿ ವಿಮಾನವಿರಲಿಲ್ಲ, ಅವನ ಚಿತೆಯನ್ನು ಫೋನಿನ ಪರದೆಯಲ್ಲಿ ನೋಡಿದೆ. ನಡುವೆ ನೆಟ್‌ವರ್ಕ್ ಕೂಡ ಹೋಗಿತ್ತು.

ಕಾರಿಗೆ ಬಂದು ಕೂತೆ.

"ಈಗ ಹೇಗಿದೆ ರೀ?"

"ಎಣ್ಣೆ ಕೆಲಸ ಮಾಡ್ತಿದೆ."

೨. ಸಿಂಕಿಗೆ ಹೋದ ಸಾಕ್ಷಿ

ಆಸ್ಪತ್ರೆಗೆ ಹೋಗಬಹುದಿತ್ತು. ಹೋದರೆ ಕಂಡುಹಿಡಿದುಬಿಡುತ್ತಾರಲ್ಲ, ಅದೇ ಭಯ. ಏನನ್ನೂ ಕಂಡುಹಿಡಿಯದೆ ವಾಸಿ ಮಾಡುವವರು ಯಾರಾದರೂ ಇದ್ದಾರೆಯೇ ಅಂತ ಹುಡುಕಿದಾಗ, ಭಟ್ಟನ ಸೊಂಟನೋವಿಗೆ ಸೂಜಿ ಚುಚ್ಚಿದ್ದ ಚೀನೀ ಡಾಕ್ಟರಮ್ಮ ನೆನಪಾದರು. ಗೈದರ್ಸ್‌ಬರ್ಗಿನ ಒಂದು ಸಾಲು ಅಂಗಡಿಯಲ್ಲಿ, ಉಗುರಿಗೆ ಬಣ್ಣ ಹಚ್ಚುವ ಅಂಗಡಿಗೂ ಲಾಂಡ್ರಿಗೂ ಮಧ್ಯೆ ಅವರ ಕ್ಲಿನಿಕ್ಕು. ವಯಸ್ಸು ಎಪ್ಪತ್ತರ ಮೇಲೆ, ಮುಖದಲ್ಲಿ ನಗುವಿನ ಸುಳಿವಿಲ್ಲ.

"ಮಾಸ್ಕ್ ಕೆಳಗೆ. ನಾಲಿಗೆ ಹೊರಗೆ," ಅಂದರು. ತೋರಿಸಿದೆ. ಹತ್ತಿರ ಬಂದರು, ದೂರ ಹೋದರು, ಟಾರ್ಚ್ ಬಿಟ್ಟರು.

"ಪೊರೆ ಎಲ್ಲಿ?"

ಅವರ ವೈದ್ಯದಲ್ಲಿ ನಾಲಿಗೆಯ ಮೇಲಿನ ಪೊರೆಯೇ ಮುಖ್ಯ ಸಾಕ್ಷಿಯಂತೆ. ದಪ್ಪಗೆ ಹಳದಿ ಕಟ್ಟಿದ್ದರೆ ಮೂತ್ರಕೋಶದಲ್ಲಿ ಉಷ್ಣವೂ ತೇವವೂ ಸೇರಿ ಕೂತಿವೆ ಅಂತ ಅರ್ಥ. ಪೊರೆಯೇ ಇಲ್ಲದೆ ಬೋಳಾಗಿದ್ದರೆ ಒಳಗಿನ ತಂಪೇ ಬತ್ತಿಹೋಗಿದೆ ಅಂತ. ಎರಡಕ್ಕೂ ಔಷಧಿ ಬೇರೆ ಬೇರೆ. ನಾನೋ, ಡಾಕ್ಟರ ಮುಂದೆ ನಾಲಿಗೆ ಚಾಚಬೇಕು ಅಂತ ತಾಮ್ರದ ಪಟ್ಟಿಯಲ್ಲಿ ಎಂದಿನದಕ್ಕಿಂತ ಹೆಚ್ಚಾಗಿ ಕೆರೆದುಕೊಂಡು ಹೋಗಿದ್ದೆ.

"ಸಿಂಕಿನಲ್ಲಿದೆ ಮೇಡಂ. ದಿನಾ ಬೆಳಿಗ್ಗೆ ಕೆರೆದು ತೊಳೀತೀವಿ."

"ದಿನಾ? ಮನೆಯವರೆಲ್ಲ?"

"ನಮ್ಮ ಊರೇ."

ಆಕೆ ಟಾರ್ಚ್ ಆರಿಸಿದರು. "ಕೆರೆಯದೆ ಬಾ," ಅಂದರು.

ಮನೆಯಲ್ಲಿ ಇದನ್ನು ಹೇಳಿದರೆ ನನ್ನಾಕೆ ಡಿಕಾಕ್ಷನ್ ಪಾತ್ರೆ ಎದೆಗವಚಿಕೊಂಡಳು. "ನಾಲಿಗೆ ಉಜ್ಜದೋರಿಗೆ ಈ ಮನೇಲಿ ಕಾಫಿ ಇಲ್ಲ ರೀ. ಬದುಕೋದಾದ್ರೆ ಶುದ್ಧವಾಗಿ ಬದುಕಿ."

೩. ನೀಲಿ ಭಯ

ಕಾಫಿಯಿಲ್ಲದ ಕೆಲವು ಬೆಳಗುಗಳನ್ನು ಕಳೆದು ಮತ್ತೆ ಹೊರಟೆ. ನಾಲಿಗೆ ಹಳದಿಯಾಗಿತ್ತು, ಬಸ್ ಸ್ಟ್ಯಾಂಡಿನ ಗೋಡೆಯ ಹಾಗೆ. ಆದರೆ ನನ್ನ ಕೆಟ್ಟ ಬುದ್ಧಿ ಕೇಳಬೇಕಲ್ಲ. ಈಕೆ ಎಷ್ಟು ಗಟ್ಟಿ ನೋಡೋಣ ಅಂತ ಪಾರ್ಕಿಂಗ್ ಲಾಟಿನಲ್ಲಿ ಕೂತು ಒಂದು ನೀಲಿ ಲಾಲಿಪಾಪು ಚೀಪಿದೆ.

ಡಾಕ್ಟರಮ್ಮ ನೀಲಿ ನಾಲಿಗೆ ನೋಡಿದರು. ಮುಖ ಅಲುಗಲಿಲ್ಲ. ಮೂರು ಬೆರಳಿಟ್ಟು ನಾಡಿ ಹಿಡಿದು ಕಣ್ಣು ಮುಚ್ಚಿದರು. ಅವರು ನಿದ್ದೆ ಹೋದರೇನೋ ಅಂತ ನಾನು ಅಂದುಕೊಳ್ಳುವ ಹೊತ್ತಿಗೆ ಬಾಯಿಬಿಟ್ಟರು.

"ಕೆಳಗೆ ತೇವದ ಉಷ್ಣ ಇದೆ. ಮೂತ್ರಪಿಂಡದಲ್ಲಿ ಭಯ ಇದೆ."

ಅವರ ಶಾಸ್ತ್ರದಲ್ಲಿ ಸಿಟ್ಟಿನ ಮನೆ ಪಿತ್ತಜನಕಾಂಗ, ಭಯದ ಮನೆ ಮೂತ್ರಪಿಂಡವಂತೆ. "ಅದು ನಾಲಿಗೆಯಲ್ಲಿ ಕಾಣುತ್ತಾ ಮೇಡಂ?"

"ಇಲ್ಲ. ಧೈರ್ಯ ಇರುವವರು ಡಾಕ್ಟರ ಹತ್ತಿರ ಕ್ಯಾಂಡಿ ತಿಂದು ಬರುವುದಿಲ್ಲ." ಬರೆಯುತ್ತ, ತಲೆಯೆತ್ತದೆ ಕೇಳಿದರು: "ಮೂತ್ರದ ಬಣ್ಣ?"

ಛಾವಣಿ ನೋಡಿದೆ. "ನೀರಿನ ಹಾಗಿದೆ."

ಒಂದು ದೊಡ್ಡ ಪೊಟ್ಟಣ ಕಟ್ಟಿಕೊಟ್ಟರು. ಬಾಗಿಲ ಹತ್ತಿರ ಹೋದಾಗ ಹಿಂದಿನಿಂದ ಧ್ವನಿ ಬಂತು. "ಮುಂದಿನ ಸಲ ಹಸಿರು ತಿಂದು ಬಾ. ನೀಲಿ ನಿನಗೆ ಒಪ್ಪುವುದಿಲ್ಲ."

೪. ದರ್ಭೆಯ ಕಷಾಯ

ಪೊಟ್ಟಣ ಕುದಿಸಿದ ದಿನ ಇಡೀ ಟೌನ್‌ಹೌಸ್ ಸಾಲಿಗೇ ವಾಸನೆ. ಹೊಂಡದಲ್ಲಿ ನೆನೆಸಿದ ಚಾಪೆಯ ಹಾಗೆ. ಅಷ್ಟರಲ್ಲಿ ಭಟ್ಟ ಬಂದ. ಒಲೆಯ ಪಕ್ಕದಲ್ಲಿ ಉಳಿದಿದ್ದ ಒಣಬೇರುಗಳನ್ನು ಬೆರಳಲ್ಲಿ ತಿರುಗಿಸಿ ನೋಡಿದ. ಪೊಟ್ಟಣದ ಮೇಲಿದ್ದ ಹುಲ್ಲಿನ ಚಿತ್ರ ನೋಡಿದ. ಬೆಂಕಿ ಮುಟ್ಟಿದವನಂತೆ ಕೈ ಎಳೆದುಕೊಂಡ.

"ಲೋ, ಇದು ದರ್ಭೆ ಬೇರು ಕಣೋ! ಇದನ್ನ ಮನೆಗೆ ತಂದಿದ್ಯಾರು?"

"ನಾನೇ. ಕುಡಿಯೋಕೆ."

"ಇದರಲ್ಲಿ ಪವಿತ್ರ ಕಟ್ಟಿ ತಿಥಿ ಮಾಡಿಸ್ತೀನಿ ನಾನು. ನೀನು ಕಷಾಯ ಮಾಡ್ತಿದ್ದೀಯಾ? ನಿಂದು ನೀನೇ ಮುಗಿಸ್ಕೊಂಡ್ರೆ ನನಗೇನು ಕೆಲಸ?"

ನನ್ನಾಕೆಯ ಮುಖ ಬಿಳಿಚಿಕೊಂಡಿತು. ನಾನು ಸಿಟ್ಟಿಗೆದ್ದು ಡಾಕ್ಟರಮ್ಮನಿಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದೆ. "ಮೇಡಂ, ನೀವು ಕೊಟ್ಟದ್ದು ನಮ್ಮಲ್ಲಿ ಸತ್ತವರ ಹುಲ್ಲು!"

"ನಮ್ಮಲ್ಲಿ ಅದು ಮೂತ್ರದಲ್ಲಿ ರಕ್ತ ಹೋಗುವವರಿಗೆ," ಅಂದರು ಅವರು. "ಬಣ್ಣ ಕೇಳಿದಾಗ ನೀನು ಮೇಲೆ ನೋಡಿದೆ. ಇದನ್ನು ಕುಡಿದುಕೊಂಡು ಮನೆಯಲ್ಲಿ ಕೂರಬೇಡ. ಆಸ್ಪತ್ರೆಗೆ ಹೋಗು. ಇವತ್ತೇ." ಫೋನ್ ಇಟ್ಟರು.

ಒಲೆ ಆರಿಸಿದೆ. ಇನ್ನು ಮುಚ್ಚಿಡುವಂತಿರಲಿಲ್ಲ. "ಹೌದು. ರಕ್ತ ಹೋಗ್ತಿದೆ. ಅಣ್ಣನಿಗೆ ಹೋದ ಹಾಗೆ," ಅಂದೆ.

ಇಬ್ಬರೂ ನನ್ನನ್ನೇ ನೋಡಿದರು. ಆಮೇಲೆ ಭಟ್ಟ ಚಪ್ಪಾಳೆ ತಟ್ಟಿದ. "ಬೀಟ್‌ರೂಟ್! ಚೀನೀ ಅಜ್ಜಿನೂ ನಾಟಕಕ್ಕೆ ಸೇರಿಸ್ಕೊಂಡಿದ್ದಾನೆ ನೋಡಿ ಅತ್ತಿಗೆ! ನನ್ನನ್ನ ಪಂಚೆಯಲ್ಲಿ ಓಡಿಸಿದ್ದು ಸಾಲದಾ ನಿಂಗೆ?"

ನಿಜ ಹೇಳಿದ್ದು ಅಪರೂಪ, ಆಣೆ ಮಾಡೋಣವೆಂದರೆ ಆಣೆಗಳನ್ನೂ ಯಾವತ್ತೋ ಖರ್ಚು ಮಾಡಿಬಿಟ್ಟಿದ್ದೆ. ನನ್ನಾಕೆ ಮಾತ್ರ ನಗಲಿಲ್ಲ. ನೇರ ಹೋಗಿ ಫ್ರಿಜ್ ತೆಗೆದು ತರಕಾರಿ ಡ್ರಾಯರ್ ಎಳೆದಳು. ಬೀಟ್‌ರೂಟಿನ ಕವರು ಒಡೆದೇ ಇರಲಿಲ್ಲ.

ಫ್ರಿಜ್ಜಿನ ಬಾಗಿಲು ಹಾಕುವುದನ್ನೂ ಮರೆತು ಅಲ್ಲೇ ನೆಲದ ಮೇಲೆ ಕೂತಳು. ಭಟ್ಟ ಸುಮ್ಮನೆ ಹೋಗಿ ಕಾರ್ ಸ್ಟಾರ್ಟ್ ಮಾಡಿದ. ದಾರಿಯಲ್ಲಿ ಅವನು ಆಡಿದ್ದು ಒಂದೇ ಮಾತು: "ಸುಳ್ಳು ಹೇಳ್ತಿದ್ದೀನಿ ಅಂತ ಹೇಳೋ, ಹೊಡೆಯಲ್ಲ."

೫. ಕ್ಯಾರೆಟ್ ಹಲ್ವ

ಆಸ್ಪತ್ರೆಯಲ್ಲಿ ಒಳಗೆ ಕ್ಯಾಮೆರಾ ಬಿಟ್ಟು ನೋಡಿದರು. ಯಾವ ದಾರಿಯಿಂದ ಬಿಟ್ಟರು ಅಂತ ಟೀ ಕುಡಿಯುವಾಗ ಕೇಳಬೇಡಿ. ಇತ್ತು. ಅಣ್ಣನಿಗೆ ಇದ್ದದ್ದೇ. ಆದರೆ ಚಿಕ್ಕದು, ಆಳಕ್ಕಿಳಿದಿರಲಿಲ್ಲ. ಕೆರೆದು ತೆಗೆಯೋಣ ಅಂದರು.

ಆಪರೇಷನ್ ದಿನ ಅರಿವಳಿಕೆ ಕೊಡುವ ಡಾಕ್ಟರು ಬಂದು, "ಬಾಯಿ ತೆಗೆದು ನಾಲಿಗೆ ಚಾಚಿ," ಅಂದರು. ಆಹಾ, ಕೊನೆಗೂ ಇವರೂ ದಾರಿಗೆ ಬಂದರು ಅಂತ ಗರ್ವದಿಂದ ಚಾಚಿ, "ಪೊರೆ ಹೇಗಿದೆ ಡಾಕ್ಟರ್?" ಅಂದೆ. "ಪೊರೆ ಗೊತ್ತಿಲ್ಲ," ಅಂದರು ಅವರು, "ಟ್ಯೂಬು ಹಾಕಲಿಕ್ಕೆ ಜಾಗ ಇದೆಯಾ ನೋಡ್ತಿದ್ದೆ."

ತೆಗೆದರು. ಮತ್ತೆ ಬರಬಹುದು, ಆಗಾಗ ಕ್ಯಾಮೆರಾ ಬಿಡಬೇಕು, ಕೆಂಪು ಕಂಡರೆ ಕೂಡಲೇ ಬನ್ನಿ ಅಂತ ಹೇಳಿ ಕಳಿಸಿದರು. ಅಂದಿನಿಂದ ಬಾತ್‌ರೂಮಿಗೆ ಹೋಗುವುದೆಂದರೆ ಪರೀಕ್ಷೆಯ ರಿಸಲ್ಟ್ ನೋಡಲು ಹೋದ ಹಾಗೆ. ಹೊರಗೆ ಬಂದರೆ ನನ್ನಾಕೆ ಏನೋ ಒರೆಸುವ ನೆಪದಲ್ಲಿ ಅಲ್ಲೇ ನಿಂತಿರುತ್ತಾಳೆ. ನಾನು ಹೆಬ್ಬೆರಳು ಎತ್ತಿ ತೋರಿಸಬೇಕು.

ಎರಡನೇ ಚೆಕಪ್ಪಿನ ಹಿಂದಿನ ವಾರ ಭಟ್ಟ ಒಂದು ಡಬ್ಬಿ ತಂದ. "ಕ್ಯಾರೆಟ್ ಹಲ್ವ ಕಣೋ, ತಿನ್ನು." ತಿಂದೆ. ಬೆಳಿಗ್ಗೆ ನೋಡುತ್ತೇನೆ, ಕೆಂಪು. ತಿಳಿ ಕೆಂಪಲ್ಲ, ಕುಂಕುಮದ ನೀರು.

ಗೋಡೆ ಹಿಡಿದುಕೊಂಡೆ. ಹೊರಗೆ ಆಕೆ ನಿಂತಿರುವುದು ಗೊತ್ತಿತ್ತು. ನಲ್ಲಿ ಬಿಟ್ಟು, ಆ ಸದ್ದಿನಲ್ಲಿ ಭಟ್ಟನಿಗೆ ಫೋನ್ ಮಾಡಿದೆ. "ಭಟ್ಟ, ಮತ್ತೆ ಬಂತು ಕಣೋ. ಅವಳಿಗೆ ಹೇಳೋಕೆ ಧೈರ್ಯ ಇಲ್ಲ. ದರ್ಭೆ ತೆಗೆದಿಟ್ಕೋ."

ಆ ಕಡೆಯಿಂದ ಸಣ್ಣ ದನಿ: "ಹಲ್ವ... ಹೇಗಿತ್ತು?"

ಕ್ಯಾರೆಟ್ಟಿನ ಜೊತೆ ಬೀಟ್‌ರೂಟೂ ತುರಿದು ಹಾಕಿದ್ದಾನೆ! ಕನ್ನಡದಲ್ಲಿ ನನಗೆ ಬರುವ ಬೈಗುಳವನ್ನೆಲ್ಲ ಬೈದೆ. ಬೈಗುಳ ಖಾಲಿಯಾದ ಮೇಲೆ ಕಮೋಡಿನ ಮೇಲೆ ಕೂತು ನಕ್ಕೆ. ಜೀವನದಲ್ಲಿ ಮೊದಲ ಸಲ ಮೋಸಹೋಗಿ ಹಬ್ಬ ಮಾಡಿದೆ. ಭಟ್ಟ ಫೋನಿನಲ್ಲಿ ಅಳುತ್ತಿದ್ದ. "ನೀನು ಇಷ್ಟು ಹೆದರ್ತೀಯ ಅಂತ ಗೊತ್ತಿರ್ಲಿಲ್ಲ ಕಣೋ. ಪಂಚೆ ಸೇಡು ತೀರಿಸ್ಕೊಳ್ಳೋಣ ಅಂತ ಅಷ್ಟೇ."

ಆ ಬೆಳಿಗ್ಗೆ ನನಗೊಂದು ಚಿಕಿತ್ಸೆ ಹೊಳೆಯಿತು, ಚೀನಾದಲ್ಲೂ ಇಲ್ಲ, ಅಮೆರಿಕದಲ್ಲೂ ಇಲ್ಲ. ಈಗ ಚೆಕಪ್ಪು ಹತ್ತಿರ ಬಂದಾಗೆಲ್ಲ ಬೀಟ್‌ರೂಟ್ ತಿನ್ನುತ್ತೇನೆ. ಕೆಂಪು ಬಂದರೆ ಬೀಟ್‌ರೂಟು. ಬೀಟ್‌ರೂಟು ಅಲ್ಲದಿದ್ದರೂ ಬೀಟ್‌ರೂಟು. ಕ್ಯಾಮೆರಾ ಒಳಗೆ ಹೋಗುವವರೆಗೆ ನೆಮ್ಮದಿಯಾಗಿ ನಿದ್ದೆ ಬರುತ್ತೆ. ಮೊನ್ನೆ ಡಾಕ್ಟರಮ್ಮ ನನ್ನ ನಾಲಿಗೆ ನೋಡಿದರು, ಕೆಂಪಗಿತ್ತು. ನಾಡಿ ಕೂಡ ಹಿಡಿಯಲಿಲ್ಲ. "ಭಯ ಬಣ್ಣ ಬದಲಾಯಿಸಿದೆ," ಅಂದರು, ಅಷ್ಟೇ.

ನಾಳೆ ಬೆಳಿಗ್ಗೆ ಕ್ಯಾಮೆರಾ. ಆಗಿನಿಂದ ಕೇಳ್ತಿದ್ದೀರಲ್ಲ, ಒಬ್ಬನೇ ಇಷ್ಟೊಂದು ಕಟ್ಲೆಟ್ ಯಾಕ್ರೀ ಅಂತ? ಮುರಿದು ನೋಡಿ, ಒಳಗೆಲ್ಲ ಬೀಟ್‌ರೂಟೇ. ನಾನು ಒಂದು ನಿಮಿಷ ಒಳಗೆ ಹೋಗಿ ಬರಬೇಕು, ಅರ್ಜೆಂಟು. ಅಷ್ಟರಲ್ಲಿ ನನ್ನ ಟೀ ದುಡ್ಡು ನೀವು ಕೊಟ್ಟುಬಿಡಿ. ಕಟ್ಲೆಟ್ಟಿನದು ನಾನೇ ಕೊಡ್ತೀನಿ. ಅದು ನನ್ನ ಔಷಧಿ.