ಬಂದೂಕು ಹಿಡಿದ ನನ್ನ ಕಳ್ಳ

ಮೊಬೈಲಿನಲ್ಲಿ ಆಟ ಆಡುವ ಅಜ್ಜಿ ನಮ್ಮ ಮಂಕಿ ಊರಲ್ಲಿ ನಾನೊಬ್ಬಳೇ ಇರಬೇಕು. ಸೊಸೆ ಸುಮಾ ಕಲಿಸಿದ್ದು. ಆಟದಲ್ಲಿ ಒಬ್ಬ ಕಳ್ಳ. ಕಾವಲುಗಾರರ ಕಣ್ಣು ತಪ್ಪಿಸಿ ಕೋಟೆಗೆ ಹೊಕ್ಕು ಕಿರೀಟ ಕದಿಯಬೇಕು. ಸದ್ದಾದರೆ ಸತ್ತ. ಅತ್ತೆಗೆ ವಾಸನೆ ಬಾರದ ಹಾಗೆ ಒಣಮೀನು ಸುಟ್ಟು ತಿಂದವಳು ನಾನು, ಇದು ಯಾವ ಲೆಕ್ಕ! ಮಧ್ಯಾಹ್ನ ಕಾವಲುಗಾರರು ಉಂಡು ಮಲಗುತ್ತಿದ್ದರು, ನಮ್ಮೂರ ಗಂಡಸರ ಹಾಗೇ. ಅಲ್ಲಿವರೆಗೆ ಪೊದೆಯಲ್ಲಿ ಕೂತಿದ್ದರೆ ಆತು. ಗೆದ್ದೆ.

ಅದರ ಎರಡನೇ ಭಾಗ ಬಂತು ಅಂದಳು ಸುಮಾ. ಜಗಲಿಯಲ್ಲಿದ್ದ ನಮ್ಮನೆಯವರು ನಕ್ಕರು.

"ಇದನ್ನೂ ಗೆಲ್ತೀಯ?"

"ಒಂದೇ ಸಲಕ್ಕೆ!"

"ಸೋತ್ರೆ ನನ್ನ ತಂಗಿ ಮನೆಗೆ ಬರಬೇಕು."

ಮುರ್ಡೇಶ್ವರದ ಆ ನಾದಿನಿಯ ಹೊಸ್ತಿಲು ತುಳಿಯುವುದಿಲ್ಲ ಎಂದು ಇಡೀ ಕೇರಿಗೆ ಕೇಳುವ ಹಾಗೆ ಕೂಗಿದವಳು ನಾನು. ಆದರೂ ಒಪ್ಪಿದೆ. ಸೋತರೆ ತಾನೇ!

ಶುರು ಮಾಡಿದೆ. ಅಯ್ಯೋ ದೇವರೇ! ನನ್ನ ಕಳ್ಳ ಕೆಂಪು ಅಂಗಿ ತೊಟ್ಟು, ಹೆಗಲಿಗೆ ಬಂದೂಕು ಹಾಕಿ, ಮದುವೆ ಗಂಡಿನ ಹಾಗೆ ಕೋಟೆಯ ಎದುರು ಬಾಗಿಲಲ್ಲೇ ನಿಂತಿದ್ದಾನೆ! ಕದಿಯಲು ಬಂದವನಿಗೆ ಸ್ವಲ್ಪ ನಾಚಿಕೆ ಬೇಡವೇ?

"ಅತ್ತೆ, ಇದರಲ್ಲಿ ಅಡಗೂದಲ್ಲ, ಹೊಡೆಯೂದು," ಅಂದಳು ಸುಮಾ.

"ನೀ ಸುಮ್ನಿರೆ. ನನ್ನ ಕಳ್ಳ ನನಗೆ ಗೊತ್ತು."

ಅವನನ್ನು ಪೊದೆಯಲ್ಲಿ ಕೂರಿಸಿದೆ. ಕಾವಲುಗಾರರು ಮಲಗಲಿ ಎಂದು ಫೋನು ಕೆಳಗಿಟ್ಟು ಬಂಗಡೆ ಸಾರಿಗೆ ಮಸಾಲೆ ಅರೆಯಲು ಹೋದೆ. ಬಂದು ನೋಡಿದರೆ ಪೊದೆಗೆ ಬೆಂಕಿ! ಒಬ್ಬನೂ ಮಲಗಿಲ್ಲ. ಊಟವಿಲ್ಲ, ನಿದ್ದೆಯಿಲ್ಲ, ಇವರೆಂತ ಮನುಷ್ಯರು! ಗಾಬರಿಯಲ್ಲಿ ಮಸಾಲೆ ಕೈಯಲ್ಲೇ ಎಲ್ಲೋ ಒತ್ತಿದೆ. ಢಂ! ಢಂ! ಫೋನಿನ ಗಾಜಿಗೆ ಮಸಾಲೆ ಮೆತ್ತಿತು, ಬಂದೂಕು ನಿಲ್ಲಲೇ ಇಲ್ಲ. ಕಿರೀಟವಿದ್ದ ಗೋಪುರ ನನ್ನ ಕಳ್ಳನ ತಲೆ ಮೇಲೇ ಬಿತ್ತು. ಕಿರೀಟ ಪುಡಿ. ಕಳ್ಳ ಅಪ್ಪಚ್ಚಿ.

ಪಕ್ಕದ ಮನೆಯ ಸೀತಕ್ಕ ಓಡಿ ಬಂದಳು. "ಎಂತ ಆತೇ? ಯಾರಿಗೆ ಹೊಡೆದ್ರು?"

"ಎಂತ ಇಲ್ಲ," ಅಂದರು ನಮ್ಮನೆಯವರು. "ಇವಳು ನಾಳೆ ನಾದಿನಿ ಮನೆಗೆ ಹೊರಟಳು."

ಹೋದೆ. ಕೇರಿಗೆ ಕೇಳುವ ಹಾಗೆ ಆಡಿದ ಮಾತಾದರೂ ಉಳಿಯಲಿ ಎಂದು, ನಮ್ಮನೆಯವರು ಎದುರು ಬಾಗಿಲಿಗೆ ಹೋದಾಗ ನಾನು ಹಿತ್ತಲಿಗೆ ತಿರುಗಿದೆ. ಬಾಳೆಯ ಮರೆಯಲ್ಲಿ ಬಗ್ಗಿ ಕೂತೆ. ಇಲ್ಲೇ ಹೊತ್ತು ಕಳೆದು ಬಸ್ಸು ಹತ್ತುವುದು! ಆದರೆ ಮಂಡಿ ಹಿಡಿದುಕೊಂಡಿತು. ಏಳಲಾಗದೆ ಬಾಯಿಬಿಟ್ಟು ಕರೆದದ್ದು ಯಾರನ್ನು? ನಾದಿನಿಯನ್ನೇ!

"ಅಯ್ಯೋ ಅತ್ತಿಗೆ, ಬಾಗಿಲು ತೆರೆದೇ ಇತ್ತಲ್ಲೇ!"

ಅವಳೂ ಅವಳ ಗಂಡನೂ ನನ್ನನ್ನು ಅಕ್ಕಿ ಮೂಟೆಯ ಹಾಗೆ ಎತ್ತಿ, ಎದುರು ಬಾಗಿಲಿಂದ ಒಳಗೊಯ್ದರು.

ಹೊಸ್ತಿಲು ಮಾತ್ರ ನಾನು ತುಳಿಯಲಿಲ್ಲ.